ಕರುಳು ಜೋಡಿಸಿದ ಮೂತ್ರಕೋಶ: ಇಪ್ಪತ್ತು ವರ್ಷಗಳ ನಂತರ ಏನು?

ಮಗು ಹುಟ್ಟಿದಾಗ ಬೆನ್ನ ಮೇಲೆ ನೀರು ತುಂಬಿದ ಗಂಟು ಇತ್ತು, ಆಪರೇಷನ್ ಮಾಡಿ ಮುಚ್ಚಿದರು, ಆದರೆ ಕಾಲಿಗೆ ಬಲ ಬರಲಿಲ್ಲ, ಮೂತ್ರ ಸೋರುವುದೂ ನಿಲ್ಲಲಿಲ್ಲ. ಮನೆ ಭೇಟಿಗೆ ಹೋಗುವ ಧರ್ಮಭಗಿನಿಯರಿಗೂ ಸಮಾಜ ಸೇವಾ ಕಾರ್ಯಕರ್ತರಿಗೂ ಇದು ಹೊಸ ಮಾತೇನಲ್ಲ. ಈ ತೊಂದರೆಯ ಹೆಸರು ಸ್ಪೈನಾ ಬೈಫಿಡಾ. ಗರ್ಭ ನಿಂತ ಮೊದಲ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕಾದ ನರಕೊಳವೆ ಪೂರ್ತಿ ಮುಚ್ಚದೇ ಉಳಿಯುವುದರಿಂದ ಇದು ಬರುತ್ತದೆ. ನಮ್ಮ ರಾಜ್ಯಕ್ಕೆ ಇದು ಅಪರೂಪದ್ದಲ್ಲ. ದಾವಣಗೆರೆಯ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ 1000 ಹೆರಿಗೆಗಳಲ್ಲಿ 11.4ರಷ್ಟು ನರಕೊಳವೆಯ ದೋಷಗಳು ಕಂಡುಬಂದಿದ್ದವು. ಇದು ಬಹಳ ದೊಡ್ಡ ಸಂಖ್ಯೆ.

ಕಾಲಿನ ತೊಂದರೆ ಎಲ್ಲರಿಗೂ ಕಾಣುತ್ತದೆ, ಮೂತ್ರಕೋಶದ್ದು ಕಾಣುವುದಿಲ್ಲ. ಆದರೆ ಜೀವಕ್ಕೆ ಕುತ್ತು ತರುವುದು ಇದೇ. ನರದ ಹಿಡಿತ ತಪ್ಪಿದ ಮೂತ್ರಕೋಶ ಗಟ್ಟಿಯಾಗಿ, ಕಿರಿದಾಗಿ, ಒಳಗಿನ ಒತ್ತಡ ಹೆಚ್ಚಿ ಮೂತ್ರ ಹಿಂದಕ್ಕೆ ಕಿಡ್ನಿಗೆ ಹೋಗುತ್ತದೆ. ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಪ್ರಚುರಪಡಿಸಿದ ಸರಳ ವಿಧಾನ, ಅಂದರೆ ಶುಚಿಯಾದ ನಳಿಕೆಯಿಂದ ದಿನಕ್ಕೆ ನಾಲ್ಕೈದು ಬಾರಿ ಮೂತ್ರ ಖಾಲಿ ಮಾಡುವುದು, ಇಂದಿಗೂ ಮೊದಲ ಚಿಕಿತ್ಸೆ. ಅದರೊಂದಿಗೆ ಆಕ್ಸಿಬ್ಯುಟಿನಿನ್‌ನಂತಹ ಮಾತ್ರೆ. ಇವು ಸಾಲದಾದಾಗ ಸಣ್ಣ ಕರುಳಿನ ತುಂಡೊಂದನ್ನು ಬಿಚ್ಚಿ ತೇಪೆಯಂತೆ ಮೂತ್ರಕೋಶಕ್ಕೆ ಹೊಲಿದು ಅದನ್ನು ದೊಡ್ಡದು ಮಾಡುತ್ತಾರೆ. ಕೆಲವರಿಗೆ ಅಪೆಂಡಿಕ್ಸ್ ಬಳಸಿ ಹೊಕ್ಕುಳಿನ ಬಳಿ ನಳಿಕೆ ಹಾಕುವ ದಾರಿಯನ್ನೂ ಮಾಡುತ್ತಾರೆ. ಇದು ಫ್ರಾನ್ಸ್‌ನ ಡಾ. ಮಿತ್ರೊಫಾನೊಫ್ 1980ರಲ್ಲಿ ವಿವರಿಸಿದ ವಿಧಾನ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಇದು ದೊಡ್ಡ ಉಪಕಾರ.

ಫಲಿತಾಂಶ ಒಳ್ಳೆಯದೇ. ಹೆಚ್ಚಿನವರ ಬಟ್ಟೆ ಒಣಗಿರುತ್ತದೆ, ಶಾಲೆಗೆ, ಕೆಲಸಕ್ಕೆ, ಪೂಜೆಗೆ ಹಿಂಜರಿಯದೆ ಬರುತ್ತಾರೆ, ಕಿಡ್ನಿ ಉಳಿಯುತ್ತದೆ. ಆದರೆ ಆಪರೇಷನ್ ಆಯಿತು, ಇನ್ನು ಚಿಂತೆಯಿಲ್ಲ ಎಂದು ತಿಳಿದರೆ ಅಪಾಯ. ಅಮೆರಿಕದ ಇಂಡಿಯಾನಾದ ವೈದ್ಯರು ಬಾಲ್ಯದಲ್ಲಿ ಈ ಶಸ್ತ್ರಚಿಕಿತ್ಸೆ ಪಡೆದ 500 ಮಂದಿಯನ್ನು ಸರಾಸರಿ 13 ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿದರು. ಅವರಲ್ಲಿ ಮೂರರಲ್ಲೊಬ್ಬರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಶೇ. 15 ಮಂದಿಗೆ ಮೂತ್ರಕೋಶದಲ್ಲಿ ಕಲ್ಲು, ಶೇ. 8.6 ಮಂದಿಗೆ ಮೂತ್ರಕೋಶ ಒಡೆದದ್ದು. ಕ್ಯಾನ್ಸರ್ ಮೂವರಿಗೆ ಮಾತ್ರ.

ಈ ಒಡೆಯುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆನ್ನುಹುರಿಯ ದೋಷದಿಂದಾಗಿ ಇವರಿಗೆ ಹೊಟ್ಟೆಯ ನೋವು ಸರಿಯಾಗಿ ತಿಳಿಯುವುದಿಲ್ಲ. ಹೊಟ್ಟೆ ಉಬ್ಬರ, ವಾಂತಿ, ಜ್ವರ, ಭುಜದ ನೋವು, ನಳಿಕೆಯಲ್ಲಿ ಎಂದಿಗಿಂತ ಕಡಿಮೆ ಮೂತ್ರ, ಇಷ್ಟೇ ಲಕ್ಷಣ. ಊರಿನ ದವಾಖಾನೆಯಲ್ಲಿ ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸುವುದು ಸುಲಭ. ಅಲ್ಟ್ರಾಸೌಂಡ್‌ನಲ್ಲೂ ತಪ್ಪಿಹೋಗಬಹುದು, ಮೂತ್ರಕೋಶಕ್ಕೆ ಔಷಧ ತುಂಬಿ ಸಿ.ಟಿ. ಮಾಡಿದರೆ ತಿಳಿಯುವುದು ಹೆಚ್ಚು. ತಡವಾದರೆ ಜೀವಕ್ಕೇ ಅಪಾಯ. ಬೈಲಹೊಂಗಲ ಅಥವಾ ಕಿತ್ತೂರಿನಿಂದ ಬೆಳಗಾವಿಗೋ ಧಾರವಾಡಕ್ಕೋ ಬೇಗ ತಲುಪಬಹುದು. ಸವದತ್ತಿಯವರು ಧಾರವಾಡ, ಹುಬ್ಬಳ್ಳಿಯ ಕಡೆ ಹೋಗಬೇಕು. ರಾಮದುರ್ಗದಿಂದ ಬೆಳಗಾವಿ ನೂರರ ಹತ್ತಿರ ಕಿಲೋಮೀಟರ್. ಆದ್ದರಿಂದ ನಳಿಕೆ ಹಾಕಿ ಹಾಗೆಯೇ ಇರಿಸಿ, ನೇರ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡುವುದು ಲೇಸು. 'ನನ್ನ ಮೂತ್ರಕೋಶಕ್ಕೆ ಕರುಳು ಜೋಡಿಸಿದೆ, ಲ್ಯಾಟೆಕ್ಸ್ ರಬ್ಬರ್ ಬಳಸಬೇಡಿ' ಎಂದು ಬರೆದ ಚೀಟಿ ಕಿಸೆಯಲ್ಲಿರಲಿ. ಈ ರಬ್ಬರಿನ ಅಲರ್ಜಿ ಇವರಲ್ಲಿ ಬಹಳ. ಒಡೆಯಲು ಮುಖ್ಯ ಕಾರಣಗಳಲ್ಲೊಂದು ನಳಿಕೆಯ ಹೊತ್ತು ತಪ್ಪಿಸುವುದು: ಮದುವೆ ಮನೆ, ದೂರದ ಬಸ್ಸು, ಯಲ್ಲಮ್ಮನ ಗುಡ್ಡದ ಜಾತ್ರೆಯ ಜನಸಂದಣಿ. ಹುಡುಗರಲ್ಲಿ ಕುಡಿತವೂ ಒಂದು ಕಾರಣ, ಇದನ್ನು ಮುಚ್ಚಿಡಬೇಕಾಗಿಲ್ಲ.

ಕರುಳು ಎಲ್ಲಿಟ್ಟರೂ ಕರುಳೇ. ಅದು ಲೋಳೆ ಸುರಿಸುತ್ತದೆ, ಲೋಳೆಯಿಂದ ಕಲ್ಲು ಬೆಳೆಯುತ್ತದೆ. ಸಲೈನ್ ನೀರಿನಿಂದ ಆಗಾಗ ತೊಳೆಯಲು ವೈದ್ಯರು ಹೇಳುವುದು ಇದಕ್ಕೇ. ಮೂತ್ರದ ಆಮ್ಲಾಂಶವನ್ನು ಅದು ರಕ್ತಕ್ಕೆ ಹೀರುವುದರಿಂದ ಎಲುಬು ಸವೆಯಬಹುದು, ಕೆಲವರಿಗೆ ಸೋಡಾ ಮಾತ್ರೆ ಬೇಕಾಗುತ್ತದೆ. ಕರುಳಿನ ಕೊನೆಯ ಭಾಗ ತೆಗೆದವರಿಗೆ ಕೆಲವು ವರ್ಷಗಳ ಮೇಲೆ ವಿಟಮಿನ್ ಬಿ12 ಕೊರತೆ ಬರಬಹುದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಕಿಡ್ನಿಯ ಸ್ಕ್ಯಾನಿಂಗ್ ಆಗಲೇಬೇಕು. ಕಾಲಿನ ಸ್ನಾಯು ಕ್ಷೀಣಿಸಿದವರಲ್ಲಿ ಕ್ರಿಯಾಟಿನಿನ್ ಸರಿ ಇದ್ದಂತೆ ಕಂಡರೂ ಕಿಡ್ನಿ ಕುಂದಿರಬಹುದು. ಇನ್ನೊಂದು ಮಾತು: ನಳಿಕೆ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಜ್ವರ, ನೋವು ಇಲ್ಲದಿದ್ದರೆ ಪ್ರತಿ ಸಲ ಆಂಟಿಬಯೋಟಿಕ್ ಬೇಡ.

ಇಂತಹ ಹೆಣ್ಣುಮಕ್ಕಳು ಮದುವೆಯಾಗಿ ತಾಯಂದಿರಾಗಬಹುದು. ಆದರೆ ಮೂತ್ರದ ಗರ್ಭ ಪರೀಕ್ಷೆ ಇವರಲ್ಲಿ ಸುಳ್ಳು ಫಲಿತಾಂಶ ತೋರಿಸಬಹುದು, ರಕ್ತದಿಂದಲೇ ಖಚಿತಪಡಿಸಿಕೊಳ್ಳಬೇಕು. ಹೆರಿಗೆಗೆ ಯುರಾಲಜಿಸ್ಟ್ ಇರುವ ಆಸ್ಪತ್ರೆಯೇ ಆಗಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ನರಕೊಳವೆಯ ದೋಷವನ್ನು ಒಳಗೊಂಡಿದೆ, ಆದರೆ 18 ವರ್ಷದವರೆಗೆ ಮಾತ್ರ. ತೊಡಕು ಶುರುವಾಗುವುದು ಅಲ್ಲಿಂದಲೇ. ಮಕ್ಕಳ ಸರ್ಜನ್ ಬಿಟ್ಟರು, ದೊಡ್ಡವರ ಡಾಕ್ಟರು ಯಾರೆಂದು ಗೊತ್ತಿಲ್ಲ, ಹಳೆಯ ಕಾಗದ ಕಳೆದುಹೋಗಿದೆ. ಧರ್ಮಕೇಂದ್ರದ ಕಾರ್ಯಕರ್ತರು ಇಲ್ಲಿ ಬಹಳಷ್ಟು ಮಾಡಬಹುದು: ಡಿಸ್ಚಾರ್ಜ್ ಚೀಟಿಯ ಪ್ರತಿ ತೆಗೆದಿಡುವುದು, ಆಯುಷ್ಮಾನ್ ಕಾರ್ಡು ಮತ್ತು ಅಂಗವಿಕಲರ ಯು.ಡಿ.ಐ.ಡಿ. ಕಾರ್ಡು ಮಾಡಿಸುವುದು, ವರ್ಷಕ್ಕೊಮ್ಮೆ ಜೊತೆಗೆ ಆಸ್ಪತ್ರೆಗೆ ಹೋಗುವುದು.

ಯಾರ ಪಾಪದ ಫಲವಿದು ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ, ಯೇಸುಸ್ವಾಮಿ ಅದನ್ನು ತಳ್ಳಿಹಾಕಿದ್ದು ನಮಗೆ ಗೊತ್ತಿದೆ. ತಾಯಂದಿರಿಗೆ ಶಾಪದ ಮಾತಿಗಿಂತ ಫೋಲಿಕ್ ಆಸಿಡ್ ಮಾತ್ರೆಯ ಮಾತು ಹೇಳುವುದು ಮೇಲು. ಗರ್ಭ ಧರಿಸುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರುವಾಗಬೇಕು, ತಿಂಗಳು ತಪ್ಪಿದ ಮೇಲೆ ಆರಂಭಿಸಿದರೆ ನರಕೊಳವೆ ಮುಚ್ಚುವ ಹೊತ್ತು ಹೆಚ್ಚುಕಡಿಮೆ ಮುಗಿದಿರುತ್ತದೆ. ಮನೆಯಲ್ಲಿ ಈಗಾಗಲೇ ಇಂತಹ ಮಗುವಿದ್ದರೆ, ಅಥವಾ ತಾಯಿಗೇ ಸ್ಪೈನಾ ಬೈಫಿಡಾ ಇದ್ದರೆ, ವೈದ್ಯರನ್ನು ಕೇಳಿ 5 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳಬೇಕು.