ಗೂಡು ಒಲ್ಲದ ಕೋಳಿ

ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಮಾಳಿಗೆ ಮನೆ. ಹೊತ್ತು ಮುಳುಗಿದರೂ ಜವಾರಿ ಕೋಳಿಗಳು ಗೂಡಿನತ್ತ ಸುಳಿಯದೆ ಬೇವಿನ ಟೊಂಗೆ ಏರಿದ್ದವು. ‘ಎಷ್ಟ್ ಹೊಡದ್ರೂ ಒಳಗ ಹೋಗವಲ್ಲವು ನೋಡ್ರಿ, ಏನೋ ಅಂಜಿಕಿ ಆಗೇತಿ ಅವಕ್ಕ’ ಎಂದರು ಮನೆಯ ಅಜ್ಜಿ. ಕಾವಿಗೆ ಕೂತ ಹೇಂಟೆಯೊಂದೇ ಒಳಗಿತ್ತು. ಅದರ ಜುಟ್ಟು ಬಿಳಿಚಿಕೊಂಡಿತ್ತು.

ಜೊತೆಗಿದ್ದ ಪಶುವೈದ್ಯರು ಕತ್ತಲಾಗಲಿ ಎಂದರು. ಊಟ ಮುಗಿದ ಮೇಲೆ ಗೂಡಿನ ಹಿಂದಿನ ಮಣ್ಣುಗೋಡೆಗೆ ಬ್ಯಾಟರಿ ಬಿಟ್ಟರು. ಹಗಲು ಬರೀ ಬಿರುಕು ಕಂಡಿದ್ದ ಜಾಗದಿಂದ ತೊಗರಿಬೇಳೆಯಂಥ ಚಪ್ಪಟೆ ಹುಳುಗಳು ಸಾಲಾಗಿ ಇಳಿಯುತ್ತಿದ್ದವು. ಕೋಳಿ ಉಣ್ಣಿ. ವಿಜ್ಞಾನಿಗಳು ಇದನ್ನು ಅರ್ಗಾಸ್ ಪರ್ಸಿಕಸ್ ಎನ್ನುತ್ತಾರೆ. ಆ ರಾತ್ರಿಯಿಂದ ಯಾವ ಹಳೇ ಗೋಡೆ ಕಂಡರೂ ನನ್ನ ಕಣ್ಣು ಅದರ ಬಿರುಕಿಗೇ ಹೋಗುತ್ತದೆ.

ದನ, ನಾಯಿಗೆ ಹತ್ತುವ ಉಣ್ಣಿ ದಿನಗಟ್ಟಲೆ ಮೈಗೆ ಕಚ್ಚಿಕೊಂಡಿರುತ್ತದೆ. ಇದರ ಬಾಳುವೆಯೇ ಬೇರೆ. ಆರು ಕಾಲಿನ ಮರಿ ಮಾತ್ರ ರೆಕ್ಕೆಯಡಿ ಕೆಲವು ದಿನ ಅಂಟಿಕೊಂಡಿದ್ದು ಉದುರುತ್ತದೆ. ಎಂಟು ಕಾಲು ಮೂಡಿದ ಮೇಲೆ ರಾತ್ರಿ ಬಂದು ಅರ್ಧ ತಾಸು ರಕ್ತ ಹೀರಿ, ಬೆಳಗಾಗುವುದರೊಳಗೆ ಗೋಡೆ ಸೇರುತ್ತದೆ. ಹಗಲು ಕೋಳಿ ಹಿಡಿದು ಎಷ್ಟು ಹುಡುಕಿದರೂ ಬಲಿತ ಉಣ್ಣಿ ಸಿಗದು. ಹೆಣ್ಣು ಉಣ್ಣಿ ಪ್ರತಿ ಊಟದ ನಂತರ ಬಿರುಕಿನಲ್ಲೇ ಮೊಟ್ಟೆಯಿಡುತ್ತದೆ. ಇನ್ನು ಅದರ ಹಸಿವು ತಾಳುವ ಶಕ್ತಿ! ಬಲಿತ ಉಣ್ಣಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಪವಾಸ ಬದುಕಬಲ್ಲದು. ಕೋಳಿ ಸತ್ತವೆಂದು ಆರು ತಿಂಗಳು ಗೂಡು ಖಾಲಿ ಬಿಟ್ಟು, ಸಂತೆಯಿಂದ ಹೊಸ ಕೋಳಿ ತಂದರೂ ಅವೂ ಬೀಳುವುದು ಇದಕ್ಕೇ. ಜನ ಅದನ್ನು ಮನೆಯ ದೋಷ ಎನ್ನುತ್ತಾರೆ. ದೋಷ ಇರುವುದು ಗೋಡೆಯಲ್ಲಿ.

ರಕ್ತ ಹೋಗುವುದಷ್ಟೇ ಅಲ್ಲ, ಕಚ್ಚುವಾಗ ರೋಗವೂ ಒಳಸೇರುತ್ತದೆ. 1891ರಲ್ಲಿ ಸಂಶೋಧಕ ಸಖರೋವ್ ಕಾಕಸಸ್‌ನ ಹೆಬ್ಬಾತುಗಳ ರಕ್ತದಲ್ಲಿ ಸುರುಳಿಯಾಕಾರದ ರೋಗಾಣು ಕಂಡರು. 1903ರಲ್ಲಿ ಮಾರ್ಷೂ ಮತ್ತು ಸಲಿಂಬೆನಿ ಬ್ರೆಜಿಲ್‌ನ ಕೋಳಿಗಳಲ್ಲಿ ಅದನ್ನು ಗುರುತಿಸಿ, ಉಣ್ಣಿಯಿಂದ ಹರಡುವುದನ್ನು ತೋರಿಸಿದರು. ತಾಯಿ ಉಣ್ಣಿಯಿಂದ ಮೊಟ್ಟೆಗೂ ಅದು ದಾಟುತ್ತದೆ. ಜ್ವರ, ಹಸಿರು ಹಿಕ್ಕೆ, ಸೋತ ಕಾಲು ಇದರ ಗುರುತು.

ನಮ್ಮ ರೈತರು ಏಮಾರುವುದು ಈ ಹಸಿರು ಹಿಕ್ಕೆಯಲ್ಲೇ. ಕೊಕ್ಕರೆ ರೋಗದಲ್ಲೂ ಹಿಕ್ಕೆ ಹಸಿರೇ. ಆದರೆ ಅದು ವೈರಸ್. ಏದುಸಿರು, ತಿರುಚಿದ ಕತ್ತು ಅದರ ಗುರುತು. ಅದಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು ಇದೆ. ಲಸಿಕೆ ತಪ್ಪದೆ ಹಾಕಿಸಬೇಕು. ಆದರೆ ಅದು ಉಣ್ಣಿ ಜ್ವರವನ್ನು ತಡೆಯದು. ಆ ಜ್ವರ ಪೆನ್ಸಿಲಿನ್‌ಗೆ ಬಗ್ಗುತ್ತದೆ.

ಒಂದೇ ಜಿಲ್ಲೆಯಾದರೂ ತಾಲ್ಲೂಕಿನಿಂದ ತಾಲ್ಲೂಕಿಗೆ ಕೋಳಿಯ ವೈರಿ ಬೇರೆ. ತುಂಗಭದ್ರಾ ಕಾಲುವೆಯ ತೇವದ ಗಂಗಾವತಿಯಲ್ಲಿ ಕಾಕ್ಸಿಡಿಯಾ ರೋಗದ ಅಂಜಿಕೆ: ಹಸಿ ನೆಲ, ರಕ್ತದ ಹಿಕ್ಕೆ, ಸಾಯುವ ಮರಿಗಳು. ಬಿಸಿಲಿಗೆ ಒಣಗಿದ ಕುಷ್ಟಗಿ, ಯಲಬುರ್ಗಾದ ಕಲ್ಲು-ಮಣ್ಣಿನ ಗೋಡೆ, ಜಂತಿಗಳು ಉಣ್ಣಿಗೆ ಹೇಳಿ ಮಾಡಿಸಿದ ಜಾಗ.

ಉಷ್ಟ್ರಪಕ್ಷಿಗೆ ಹತ್ತುವ ಪರೋಪಜೀವಿಗಳಲ್ಲೂ ಈ ಉಣ್ಣಿಯ ಹೆಸರಿದೆ. ಅಂಥ ದೊಡ್ಡ ಹಕ್ಕಿಗೆ ಯಾವ ರೋಗ ಬಂದರೂ ಲೋಕಕ್ಕೆಲ್ಲ ಸುದ್ದಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಫಾರ್ಮೊಂದರ ಉಷ್ಟ್ರಪಕ್ಷಿಗಳಲ್ಲಿ 2024ರ ಡಿಸೆಂಬರ್ 31ರಂದು ಹಕ್ಕಿಜ್ವರ ಖಚಿತವಾಯಿತು. ಕೊಲ್ಲುವ ಆದೇಶದ ವಿರುದ್ಧದ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ನವೆಂಬರ್‌ನಲ್ಲಿ ಸೋತಿತು. ಮುನ್ನೂರಕ್ಕೂ ಹೆಚ್ಚು ಹಕ್ಕಿಗಳನ್ನು ಗುಂಡಿಟ್ಟು ಕೊಂದರು. ನಮ್ಮಲ್ಲಿ ಹತ್ತು ಕೋಳಿ ಸತ್ತರೆ ಒಂದು ಮನೆಯ ಹೆಣ್ಣುಮಗಳ ಮೊಟ್ಟೆ ದುಡ್ಡು ನಿಲ್ಲುತ್ತದೆ, ಮಕ್ಕಳ ನೋಟ್‌ಬುಕ್ಕಿನ ಕಾಸು ನಿಲ್ಲುತ್ತದೆ. ನನಗೆ ಅದೂ ಅಷ್ಟೇ ದೊಡ್ಡ ಸುದ್ದಿ.

ಪರಿಹಾರ ದುಬಾರಿಯೇನಲ್ಲ. ಬಿರುಕಿಗೆ ಮಣ್ಣೋ ಸಿಮೆಂಟೋ ಮೆತ್ತಿ ಸುಣ್ಣ ಬಳಿಯಬೇಕು. ವೈದ್ಯರು ಹೇಳಿದ ಔಷಧವನ್ನು ಕೋಳಿಯ ಮೈಗಿಂತ ಮೊದಲು ಗೋಡೆಯ ಸಂದಿಗೆ ಹೊಡೆಯಬೇಕು. ಕೋಳಿ ಕೂರುವ ಗಳ ಗೋಡೆಗೆ ತಾಗಬಾರದು. ಸಂತೆಯಿಂದ ತಂದ ಕೋಳಿಯ ರೆಕ್ಕೆ ಎತ್ತಿ ನೋಡದೆ ಒಳಗೆ ಬಿಡಬಾರದು. ಪಶುಪಾಲನಾ ಇಲಾಖೆಯವರು ಕೋಳಿ ಲಸಿಕೆಗೆ ಹಳ್ಳಿಗೆ ಬಂದಾಗ ಗೂಡಿನ ಗೋಡೆಯನ್ನೂ ನೋಡಿ, ಮನೆಯ ಹೆಣ್ಣುಮಕ್ಕಳಿಗೆ ಉಣ್ಣಿಯ ಗುರುತು ಹೇಳಿಕೊಡಬೇಕು. ಕೋಳಿ ಗೂಡು ಒಲ್ಲೆನೆಂದರೆ ಅದು ಹಟವಲ್ಲ. ರೋಗದ ಮೊದಲ ದೂರನ್ನು ಕೋಳಿಯೇ ಕೊಡುತ್ತಿದೆ.