ನರಕೋಶವಾಗು ಎಂದವರು ಯಾರು?

ಭ್ರೂಣದ ಮಿದುಳಿನಲ್ಲೊಂದು ಆಕರಕೋಶ. ಒಂದು ಎರಡಾಗುವುದು, ಎರಡು ನಾಲ್ಕಾಗುವುದು, ಅದಕ್ಕೆ ಇದೇ ಕೆಲಸ. ಹಾಗಾದರೆ ‘ಸಾಕು, ಇನ್ನು ನರಕೋಶವಾಗು’ ಎಂದು ಅದಕ್ಕೆ ಹೇಳುವವರು ಯಾರು?

ಹಾಗೆ ಹೇಳುವವರ ಪೈಕಿ ಮೈಕ್ರೋಆರ್‌ಎನ್‌ಎಯೂ ಒಂದು. ಬರೀ 22 ಅಕ್ಷರದಷ್ಟು ತುಣುಕು! ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೇರೆ ಜೀನ್‌ಗಳು ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ, ಅಷ್ಟೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇದನ್ನು ಕಂಡುಕೊಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ನೊಬೆಲ್ ಬಂದದ್ದು 2024ರಲ್ಲಿ.

ಮಿದುಳಿನಲ್ಲಿ ಹೇರಳವಾಗಿರುವ ಮೈಕ್ರೋಆರ್‌ಎನ್‌ಎ ಎಂದರೆ ಮಿಆರ್-124. ಆಕರಕೋಶದಲ್ಲಿ ರೆಸ್ಟ್ ಎಂಬ ಪ್ರೋಟೀನ್ ಇದನ್ನು ಅದುಮಿಟ್ಟಿರುತ್ತದೆ. ರೆಸ್ಟ್ ಸರಿದದ್ದೇ ತಡ, ಮಿಆರ್-124 ಏರುತ್ತದೆ, ಪಿಟಿಬಿಪಿ1 ಎಂಬ ಪ್ರೋಟೀನನ್ನು ಇಳಿಸುತ್ತದೆ. ಆಗ ಹಲವು ಜೀನ್‌ಗಳ ಸಂದೇಶಗಳು ನರಕೋಶಕ್ಕೆ ಒಪ್ಪುವಂತೆ ಬೇರೆ ಬಗೆಯಲ್ಲಿ ಕತ್ತರಿಸಿ ಜೋಡಣೆಯಾಗುತ್ತವೆ.

ಇನ್ನೊಂದು, ಮಿಆರ್-9. ಆಕರಕೋಶವನ್ನು ಆಕರಕೋಶವಾಗಿಯೇ ಉಳಿಸುವ ಟಿಎಲ್‌ಎಕ್ಸ್ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಟಿಎಲ್‌ಎಕ್ಸ್ ತಿರುಗಿ ಅದನ್ನೇ ತಡೆಯುತ್ತದೆ. ಥೇಟ್ ಹಗ್ಗಜಗ್ಗಾಟ!

2011ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಎರಡೂ ಮೈಕ್ರೋಆರ್‌ಎನ್‌ಎಗಳನ್ನು ಮನುಷ್ಯರ ಚರ್ಮದ ಕೋಶಗಳೊಳಗೆ ಸೇರಿಸಿದರು. ಚರ್ಮವಾಗಿದ್ದ ಆ ಕೋಶಗಳಲ್ಲಿ ಕೆಲವು ಉದ್ದುದ್ದ ಎಳೆಗಳನ್ನು ಚಾಚಿ ನರಕೋಶಗಳಾದವು.