ಜಿಗಿಯ ಗುಟ್ಟು

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಾಗಲಿ, ಅದರ ಸುತ್ತಲಿನ ಊರುಗಳಲ್ಲಾಗಲಿ ಜೋಳದ ರೊಟ್ಟಿ ಬಡಿಯುವ ತಾಯಂದಿರನ್ನು ಕೇಳಿನೋಡಿ. ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿಯ ಅಂಚು ಒಡೆಯುತ್ತದೆಂದೂ, ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಹಿಟ್ಟಿಗೆ ‘ಜಿಗಿ’ ಬರುತ್ತದೆಂದೂ ಅವರು ಹೇಳುತ್ತಾರೆ. ಗೋದಿಯ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಆ ಕೊರತೆಯನ್ನು ಬಿಸಿನೀರು ತುಂಬುತ್ತದೆ: 70 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಪಿಷ್ಟದ ಕಣಗಳು ನೀರನ್ನು ಹೀರಿ, ಉಬ್ಬಿ, ಅಂಟಾಗುತ್ತವೆ.

ಇಂದಿನ ಮಕ್ಕಳು ಮೆಚ್ಚಿರುವ ‘ಸ್ಲೈಮ್’ ಎಂಬ ಲೋಳೆಯಾಟಿಕೆಯ ಪ್ರಶ್ನೆಯೂ ಈ ಜಿಗಿಯದೇ. ಒಮ್ಮೆ ಅದು ಕೈಗೆ ಮೆತ್ತಿಕೊಂಡು ಬಿಡದು. ಮತ್ತೊಮ್ಮೆ ರಬ್ಬರಿನಂತೆ ಬಿರುಸಾಗಿ ತುಂಡಾಗುವುದು. ಆಗ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವುದು ವಾಡಿಕೆ. ಇದು ವ್ಯರ್ಥವಷ್ಟೇ ಅಲ್ಲ, ಅಪಾಯಕರವೂ ಹೌದು. ಲೋಳೆಯೊಳಗೆ ನಡೆಯುವುದೇನೆಂದು ತಿಳಿದರೆ ಊಹೆಯ ಅಗತ್ಯವೇ ಬೀಳದು.

ಶಾಲೆಗಳಲ್ಲಿಯೂ ಬಡಗಿಗಳಲ್ಲಿಯೂ ಬಳಕೆಯಲ್ಲಿರುವ ಬಿಳಿಯ ಅಂಟಿನಲ್ಲಿ ಸಾಮಾನ್ಯವಾಗಿ ಪಾಲಿವಿನೈಲ್ ಜಾತಿಯ ಅತಿ ದೀರ್ಘವಾದ ಅಣುಗಳಿರುತ್ತವೆ. ಸಾವಿರಾರು ಚಿಕ್ಕ ಘಟಕಗಳು ಸರಪಳಿಯಂತೆ ಬೆಸೆದು ಒಂದೇ ಅಣುವಾಗಬಲ್ಲವೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದಾಗ ಹಲವು ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಕೊನೆಗೆ ಅವರ ವಾದವೇ ಗೆದ್ದು, 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಂಟಿನಲ್ಲಿರುವ ಈ ಸರಪಳಿಗಳು ಪಾಯಸದೊಳಗಿನ ಶಾವಿಗೆಯ ಎಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಆದುದರಿಂದಲೇ ಅಂಟು ಹರಿಯುತ್ತದೆ.

ಈ ಎಳೆಗಳನ್ನು ಅಲ್ಲಲ್ಲಿ ಗಂಟುಹಾಕುವ ವಸ್ತುವೇ ಬೋರಾಕ್ಸ್. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ ಅಥವಾ ಟಂಕಣ ಇದೇ. ನೀರಿನಲ್ಲಿ ಕರಗಿದ ಬಿಳಿಗಾರದಿಂದ ಬೋರೇಟ್ ಅಯಾನುಗಳು ಹುಟ್ಟಿ, ಪಕ್ಕಪಕ್ಕದ ಎಳೆಗಳನ್ನು ಹಿಡಿದುಕೊಂಡು ಸೇತುವೆ ಕಟ್ಟುತ್ತವೆ. ಸೇತುವೆಗಳ ಬಲೆಯೊಳಗೆ ನೀರು ಸೆರೆಯಾಗುತ್ತದೆ, ಅಂಟು ಲೋಳೆಯಾಗುತ್ತದೆ. ಆದರೆ ಈ ಸೇತುವೆಗಳು ಶಾಶ್ವತವಲ್ಲ. ಕ್ಷಣಕ್ಷಣಕ್ಕೂ ಕಳಚಿ ಬೇರೆಡೆ ಕೂಡಿಕೊಳ್ಳುತ್ತಿರುತ್ತವೆ. ಮೆಲ್ಲನೆ ಎಳೆದರೆ ಅವುಗಳಿಗೆ ಕಳಚಿ ಕೂಡಲು ಸಮಯ ಸಿಗುವುದರಿಂದ ಲೋಳೆ ಉದ್ದಕ್ಕೆ ಹರಿಯುತ್ತದೆ. ಥಟ್ಟನೆ ಎಳೆದರೆ ಸಮಯ ಸಾಲದೆ ತುಂಡಾಗುತ್ತದೆ.

1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ‘ಸ್ಲೈಮ್’ ಎಂಬ ಆಟಿಕೆಯನ್ನು ಮಾರಾಟಕ್ಕೆ ತಂದಿತು. ಅದರ ಮುಖ್ಯ ವಸ್ತು ಗೋರಿಕಾಯಿಯ ಬೀಜದಿಂದ ತೆಗೆದ ಗೌರ್ ಅಂಟು. ಉತ್ತರ ಕರ್ನಾಟಕದಲ್ಲಿ ಚವಳಿಕಾಯಿ ಎಂದು ಪಲ್ಯ ಮಾಡುವುದು ಇದನ್ನೇ! ಅದನ್ನು ಗಟ್ಟಿಗೊಳಿಸಿದ್ದೂ ಬೋರಾಕ್ಸೇ.

ಮಾಡುವ ಕ್ರಮ ಹೀಗೆ: ಅರ್ಧ ಲೋಟ ಅಂಟಿಗೆ ಅಷ್ಟೇ ನೀರು ಬೆರೆಸಿ ಕದಡಬೇಕು. ಬೇರೊಂದು ಪಾತ್ರೆಯಲ್ಲಿ ಸುಮಾರು 240 ಮಿಲಿಲೀಟರ್ ಬೆಚ್ಚನೆಯ ನೀರಿಗೆ ಒಂದು ಚಿಕ್ಕ ಚಮಚ ಬಿಳಿಗಾರ ಹಾಕಿ ಪೂರ್ತಿ ಕರಗಿಸಬೇಕು. ಈ ದ್ರಾವಣವನ್ನು ಒಮ್ಮೆಲೇ ಸುರಿಯದೆ, ಒಂದೊಂದೇ ಚಮಚದಷ್ಟು ಅಂಟಿಗೆ ಸೇರಿಸುತ್ತ ಕದಡಬೇಕು. ಮುದ್ದೆಯಾದ ಮೇಲೆ ಹಿಟ್ಟಿನಂತೆ ನಾದಬೇಕು.

ಇನ್ನು ದೋಷ ಪರಿಹಾರ. ಲೋಳೆ ಕೈಗೆ ಮೆತ್ತುತ್ತಿದ್ದರೆ ಸೇತುವೆಗಳು ಕಡಿಮೆಯಾಗಿವೆ ಎಂದರ್ಥ. ಮೊದಲು ಇನ್ನಷ್ಟು ನಾದಿ, ಸಾಲದಿದ್ದರೆ ನಾಲ್ಕಾರು ಹನಿ ದ್ರಾವಣ ಸೇರಿಸಿ. ಬಿರುಸಾಗಿ ತುಂಡಾದರೆ ಸೇತುವೆಗಳು ಹೆಚ್ಚಾಗಿವೆ. ನೀರು ಬೆರೆಸಿದ ಅಂಟನ್ನು ಸ್ವಲ್ಪ ಸೇರಿಸಿ ನಾದಿ. ಕೆಲವು ದಿನಗಳ ಮೇಲೆ ಗಟ್ಟಿಯಾದರೆ ನೀರು ಆರಿದೆ. ಬೆಚ್ಚನೆಯ ನೀರಿನ ಹನಿಗಳು ಸಾಕು. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೇಗ ಆರದು. ಬಟ್ಟೆಗೆ ಅಂಟಿಕೊಂಡರೆ ಇದೇ ಜಿಲ್ಲೆಯ ಇಂಡಿಯ ಹೆಸರಾಂತ ನಿಂಬೆಹಣ್ಣು ನೆರವಾಗುತ್ತದೆ. ಆಮ್ಲದಲ್ಲಿ ಬೋರೇಟ್ ಅಯಾನು ಬೋರಿಕ್ ಆಮ್ಲವಾಗಿ ಮಾರ್ಪಟ್ಟು, ಎಳೆಗಳನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಸೇತುವೆಗಳು ಮುರಿದು ಲೋಳೆ ನೀರಾಗುತ್ತದೆ. ನಿಂಬೆರಸ ಇಲ್ಲದಿದ್ದರೆ ವಿನೆಗರ್ ಆದೀತು.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಬಿಳಿಗಾರ ಉಪ್ಪಿನಂತೆ ಕಂಡರೂ ಉಪ್ಪಲ್ಲ. ಹೊಟ್ಟೆಗೆ ಹೋದರೆ ಅಪಾಯ. ಚರ್ಮಕ್ಕೂ ಕಣ್ಣಿಗೂ ಉರಿ ತರಬಲ್ಲದು. ಯುರೋಪಿನ ಒಕ್ಕೂಟ ಇದನ್ನು ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದುದರಿಂದ ಪುಡಿಯನ್ನು ಅಳೆದು ಕರಗಿಸುವ ಕೆಲಸ ಹಿರಿಯರದು. ಅಡಿಗೆಯ ಪಾತ್ರೆ ಬಳಸಬೇಡಿ. ಗಾಯವಿರುವ ಕೈಯಿಂದ ಮುಟ್ಟಬೇಡಿ. ಆಟ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಕೂಸುಗಳಿಗೆ ಈ ಲೋಳೆ ಸಲ್ಲದು. ಅಂತಹವರ ಕಣ್ಣಿಗೆ ಜಿಗಿಯ ವಿನೋದವನ್ನು ತೋರಿಸಬೇಕೆಂದರೆ ಒಂದು ಚಮಚ ಅಗಸೆಯನ್ನು ಒಂದು ಲೋಟ ನೀರಿನಲ್ಲಿ ಕೆಲವು ನಿಮಿಷ ಕುದಿಸಿ, ಬಿಸಿಯಾಗಿರುವಾಗಲೇ ಹಿರಿಯರು ಸೋಸಬೇಕು. ಬೀಜದ ಸಿಪ್ಪೆಯಲ್ಲಿರುವ ದೀರ್ಘ ಅಣುಗಳು ನೀರಿಗಿಳಿದು ಎಳೆಎಳೆಯಾದ ಲೋಳೆಯನ್ನು ಕೊಡುತ್ತವೆ. ಇದು ಬೇಗ ಕೆಡುವುದರಿಂದ ಅಂದಿನದನ್ನು ಅಂದೇ ಚೆಲ್ಲಬೇಕು.

ವಿದ್ಯಾರ್ಥಿಗಳು ಹಿರಿಯರ ಎದುರಿನಲ್ಲಿ ಒಂದು ಪ್ರಯೋಗ ಮಾಡಬಹುದು. ಒಂದೇ ಅಳತೆಯ ಅಂಟನ್ನು ನಾಲ್ಕು ಬಟ್ಟಲುಗಳಲ್ಲಿಟ್ಟು 1, 2, 3, 4 ಚಮಚ ದ್ರಾವಣ ಹಾಕಿ, ಪ್ರತಿಯೊಂದೂ ತುಂಡಾಗುವ ಮುನ್ನ ಎಷ್ಟು ಸೆಂಟಿಮೀಟರ್ ಉದ್ದಕ್ಕೆ ಎಳೆಯಬಹುದೆಂದು ಅಳೆದು ಬರೆದುಕೊಳ್ಳಿ. ಅಣುಗಳ ನಡುವಿನ ಸೇತುವೆ ಕಣ್ಣಿಗೆ ಕಾಣದು; ಆದರೆ ಅದರ ಲೆಕ್ಕ ನಿಮ್ಮ ಅಳತೆಪಟ್ಟಿಯಲ್ಲಿ ಮೂಡುವುದು.